ಸತ್ತವರ ಹೆಸರಿನ ಮನೆಗೆ ಬಾಡಿಗೆ ಬಂದ ದೊರಸಾನಿ

ಆಕೆಯ ಮೂಗಿನ ತುದಿ ಯಾವಾಗಲೂ ಸುಲಿದಿರುತ್ತಿತ್ತು, ಬೇಯಿಸಿ ಸಿಪ್ಪೆ ತೆಗೆದ ಆಲೂಗಡ್ಡೆಯ ಹಾಗೆ. ಕೊಬ್ಬರಿ ಎಣ್ಣೆ ಹಚ್ಚು ಅಂದರೆ ಹಚ್ಚುವಳು, ಮತ್ತೆ ಅದೇ ಬಿಸಿಲಿಗೆ ಹೋಗಿ ನಿಲ್ಲುವಳು. ಹೇಳಿದ್ದನ್ನೆಲ್ಲ ಕೇಳುವಳು, ಮಾಡುವುದು ಮಾತ್ರ ತನಗೆ ತೋಚಿದ್ದನ್ನೇ. ತೆಲುಗು ನಾಡಿಗೆ ಸೇರಿದ ನಾರಾಯಣಪೇಟೆಯ ನಮ್ಮ ಓಣಿಯವರೆಲ್ಲ ಆಕೆಯನ್ನು ದೊರಸಾನಿ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ಫಿನ್ಲೆಂಡ್ ಅಂತ ಆಕೆಯ ದೇಶ. ಅಲ್ಲಿ ನಮ್ಮವರ ಹಾಗೆ ಆಕೆಯೂ ಮಗ್ಗದವಳೇ. ನಮ್ಮ ಕಡೆಯ ಸೀರೆ ನೇಯ್ಗೆ ಕಲಿತು ಬರೆದಿಡಲು ಯಾವುದೋ ಸಂಸ್ಥೆಯವರು ಎರಡು ವರ್ಷಕ್ಕೆ ಕಳಿಸಿದ್ದರು. ಮಾಳಿಗೆಯ ಮೇಲಿನ ಕೋಣೆ ಕೊಟ್ಟೆ. ವಯಸ್ಸು ಐವತ್ತು ದಾಟಿತ್ತು. ಕನ್ನಡ ನನ್ನಿಂದಲೇ ಕಲಿತಳು. ದೊಡ್ಡವರ ಜೊತೆ ‘ರೀ’ ಹಚ್ಚಿ ಮಾತಾಡಬೇಕು ಅಂತ ಒಮ್ಮೆ ಹೇಳಿದ್ದೇ ತಪ್ಪಾಯಿತು, ಬೆಕ್ಕಿಗೂ ‘ಹೊರಗ ಹೋಗ್ರೀ’ ಅನ್ನುತ್ತಿದ್ದಳು.

ಗದ್ವಾಲದ ಸುತ್ತಿನ ನೇಕಾರರ ಊರುಗಳಿಗೆ ಓಡಾಡಲು ಸಂಸ್ಥೆಯವರು ಒಂದು ಹಳೆ ಕಾರು ಕೊಟ್ಟಿದ್ದರು. ಆದರೆ ಅವರ ದೇಶದ ಲೈಸೆನ್ಸು ಇಲ್ಲಿ ಸ್ವಲ್ಪ ದಿನ ಮಾತ್ರ ನಡೆಯುತ್ತದಂತೆ. ಆ ದಿನ ಮುಗಿದಿತ್ತು. ಆರು ತಿಂಗಳಲ್ಲಿ ಇಲ್ಲಿಯ ಲೈಸೆನ್ಸ್ ತೆಗೆದುಕೊ, ಇಲ್ಲದಿದ್ದರೆ ವಾಪಸು ಬಾ ಅಂತ ಅವರು ಬರೆದರು. ಮೂವತ್ತು ವರ್ಷ ಮಂಜುಗಡ್ಡೆಯ ಮೇಲೆ ಗಾಡಿ ಓಡಿಸಿದವಳು, ಲೈಸೆನ್ಸ್ ಏನು ಮಹಾ ಅಂದುಕೊಂಡೆ. ನನಗೇನು ಗೊತ್ತು, ಮೂರನೇ ಇಯತ್ತೆ ಓದಿದವಳು.

ಲೈಸೆನ್ಸ್ ಆಫೀಸಿನವರು ಇರುವ ಮನೆಯ ಪುರಾವೆ ಕೇಳಿದರು. ಮನೆಪಟ್ಟಿಯ ರಸೀದಿ ತೆಗೆದುಕೊಂಡು ನಾನೇ ಹೋದೆ. ಗುಮಾಸ್ತ ಅದನ್ನು ನೋಡಿ, “ಮನೆ ಯಜಮಾನರನ್ನ ಕರೀರಿ, ಸಹಿ ಬೇಕು” ಅಂದ.

“ಅವರು ನಮ್ಮ ಮಾವ. ತೀರಿಕೊಂಡು ಮೂವತ್ತು ವರ್ಷಾತು.”

“ಹಂಗಾದ್ರ ಬಾಡಿಗಿಗೆ ಕೊಟ್ಟವರು ಯಾರಮ್ಮ? ಸತ್ತವರೇನು?”

ಹೊರಗೆ ನಿಂತಿದ್ದ ಏಜೆಂಟನೊಬ್ಬ ಕಿವಿಯಲ್ಲಿ ಹೇಳಿದ, ಮಾವನ ಸಹಿ ನೀವೇ ಹಾಕಿರಿ, ಯಾರು ನೋಡುತ್ತಾರೆ ಅಂತ. ನಾನು ಪೆನ್ನು ಕೇಳಿ ಇಸಿದುಕೊಂಡೂ ಬಿಟ್ಟಿದ್ದೆ. ಮಾವ ಇದ್ದಿದ್ದರೆ ಬೇಡ ಅನ್ನುತ್ತಿರಲಿಲ್ಲ. ದೊರಸಾನಿ ಪೆನ್ನು ಕಸಿದುಕೊಂಡಳು. “ಸುಳ್ಳು ಸಹಿ ಬ್ಯಾಡ್ರಿ ಅವ್ವ.” ಮನೆಗೆ ಬರುವವರೆಗೆ ಆಕೆಗೆ ಬೈದೆ. ಆಕೆ ಕೇಳಿದ್ದು ಒಂದೇ. ಮೂವತ್ತು ವರ್ಷದಿಂದ ಹೆಸರು ಯಾಕೆ ಬದಲಾಯಿಸಿಲ್ಲ?

ಯಾಕೆ ಅಂದರೆ ನಮ್ಮ ಮನೆತನದಲ್ಲಿ ಹಾಗೆ. ಕಾಗದದಿಂದ ಹೆಸರು ತೆಗೆದರೆ ಹಿರಿಯರನ್ನು ಎರಡನೇ ಸಲ ಮಣ್ಣು ಮಾಡಿದ ಹಾಗೆ ಅಂತ ನನ್ನ ಗಂಡ ಹೇಳುತ್ತಿದ್ದರು. ಮಾವ ಹೋದ ಮೇಲೆ ಊರ ಹಿರಿಯರ ಮುಂದೆ ಬಾಯಿಮಾತಿನಲ್ಲೇ ಪಾಲಾಗಿತ್ತು. ನಾರಾಯಣಪೇಟೆಯ ಮನೆ ನಮಗೆ, ಗದ್ವಾಲದ ಮನೆ ಮತ್ತು ಮಗ್ಗಗಳು ನನ್ನ ಮೈದುನನಿಗೆ. ಆಮೇಲೆ ನನ್ನ ಗಂಡನೂ ಹೋದರು. ಇರುವವಳು ಒಬ್ಬಳೇ ಮಗಳು, ಮಕ್ತಲಿಗೆ ಕೊಟ್ಟಿದ್ದೇವೆ. ಮನೆ ನನ್ನದು ಅಂತ ಇಡೀ ಓಣಿಗೆ ಗೊತ್ತು, ಇನ್ನೇನು ಬೇಕು ಅಂದುಕೊಂಡು ಕೂತಿದ್ದೆ.

ದೊರಸಾನಿಯ ಹಟಕ್ಕೆ ಹೆಸರು ಬದಲಾಯಿಸಲು ಹೊರಟರೆ ಬೇಕಾದದ್ದು ಬಹಳ ಇತ್ತು. ಮಾವನದೊಂದು, ಗಂಡನದೊಂದು ಸಾವಿನ ಸರ್ಟಿಫಿಕೇಟು. ವಾರಸುದಾರರ ಪತ್ರ. ಮಗಳ ಒಪ್ಪಿಗೆ. ಎಲ್ಲಿ ಹೋದರೂ ‘ರೇಪು ರಾ’, ನಾಳೆ ಬಾ. ದೊರಸಾನಿ ತೆಲುಗಿನಲ್ಲಿ ಮೊದಲು ಕಲಿತ ಮಾತೇ ಅದು. ಆಕೆ ಪುಸ್ತಕ ತೆಗೆದು, “ನಾಳೆ ಎಷ್ಟು ಗಂಟೆಗೆ ರೀ?” ಅಂತ ಕೇಳುವಳು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದ ಒಂದು ಹೊತ್ತು ಹೇಳುವರು. ಮರುದಿನ ಸರಿಯಾಗಿ ಅದೇ ಹೊತ್ತಿಗೆ ಆಕೆ ಮೇಜಿನ ಮುಂದೆ, ಆಕೆಯ ಹಿಂದೆ ಮೊಣಕಾಲು ನೋವಿನ ನಾನು. ಕಡೆಕಡೆಗೆ ಒಬ್ಬ ಗುಮಾಸ್ತ ನಮ್ಮನ್ನು ಕಂಡರೆ ಹಿಂದಿನ ಬಾಗಿಲಿಂದ ಚಹಕ್ಕೆ ಹೋಗಿಬಿಡುತ್ತಿದ್ದ. ದೊರಸಾನಿ ಚಹದಂಗಡಿಗೂ ಹೋಗಿ ನಿಂತಳು.

ಎಲ್ಲಕ್ಕಿಂತ ಕಷ್ಟದ್ದು ಮೈದುನನ ಸಹಿ. ಹಕ್ಕು ಬಿಟ್ಟಿದ್ದೇನೆ ಅಂತ ಅವನು ರಿಜಿಸ್ಟ್ರಿ ಮಾಡಿಕೊಡಬೇಕಿತ್ತು. ಇಬ್ಬರೂ ಬಸ್ಸಿನಲ್ಲಿ ಗದ್ವಾಲಕ್ಕೆ ಹೋದೆವು. ನಾನು ಹೇಳಿದ್ದು ಕೇಳಿ ಅವನ ಮುಖ ಸಣ್ಣದಾಯಿತು.

“ಇಷ್ಟು ವರ್ಷ ಆದ ಮ್ಯಾಲ ನನ್ನ ಮಾತಿನ ಮ್ಯಾಲ ನಂಬಿಗಿ ಹೋತೇನ್ರಿ ವೈನಿ?”

ನಾಚಿಕೆಯಿಂದ ನನಗೆ ಭೂಮಿಯೊಳಗೆ ಇಳಿದುಹೋದ ಹಾಗಾಯಿತು. ದೊರಸಾನಿ ಚಹದ ಲೋಟ ಕೆಳಗಿಟ್ಟಳು. “ನಿಮ್ಮ ಮಾತು ಭಾಳ ಚಲೋ ಐತ್ರಿ. ನೀವು ಸತ್ತ ಮ್ಯಾಲ ಅದನ್ನ ಯಾರಿಗೆ ಕೇಳಬೇಕ್ರಿ?”

ಅವನ ಹೆಂಡತಿ, ನನ್ನ ನೆಗೆಣ್ಣಿ, “ಥೂ, ಬಿಡ್ತು ಅನ್ನು!” ಅಂತ ಎದ್ದೇ ನಿಂತಳು. ಮೈದುನ ನಕ್ಕುಬಿಟ್ಟ. “ರೀ ಅನಕೋಂತನ ಕೊಂದಳಲ್ಲ ವೈನಿ ನನ್ನ! ಎಲ್ಲಿ ಸಹಿ ಮಾಡಬೇಕು ಹೇಳವ್ವ ತಾಯಿ.”

ಬಸ್ಸಿನಲ್ಲಿ ಮಕ್ತಲ್ ಬರುವವರೆಗೂ ಬೈದೆ.

“ತಪ್ಪು ಹೇಳಿದೆನ್ರಿ ಅವ್ವ?”

“ತಪ್ಪಲ್ಲ. ಅದಕ್ಕ ಬೈಯಾಕತ್ತೀನಿ.”

ಮನೆ ನನ್ನ ಹೆಸರಿಗೆ ಬರುವಾಗ ನಾಲ್ಕು ತಿಂಗಳು ಹೋಗಿತ್ತು. ಬಾಡಿಗೆ ಕರಾರಿಗೆ ನಾನೇ ಸಹಿ ಹಾಕಿದೆ. ಕಲಿಯುವವರ ಲೈಸೆನ್ಸ್ ಬಂತು, ಕಾರಿಗೆ ಕೆಂಪು ‘ಎಲ್’ ಅಕ್ಷರದ ಹಲಗೆ ಬಂತು. ಅವರ ದೇಶದಲ್ಲಿ ಸ್ಟೇರಿಂಗು ಎಡಕ್ಕೆ. ದಿನಾ ಎಡಬಾಗಿಲು ತೆಗೆದು ಕೂಡುವಳು, ಮುಂದೆ ಏನೂ ಇರುವುದಿಲ್ಲ. ಅಲ್ಲಿ ಕೂಡುವುದಕ್ಕೇ ಬಂದಿದ್ದೆ ಅನ್ನುವ ಹಾಗೆ ಒಂದು ನಿಮಿಷ ಕೂತು, ಗಂಭೀರವಾಗಿ ಇಳಿದು ಆ ಕಡೆ ಹೋಗುವಳು.

ಪರೀಕ್ಷೆಯ ದಿನ ಅದೇ ಏಜೆಂಟ ಬಂದ. “ಗಾಡಿ ಹತ್ತೂದ ಬ್ಯಾಡ ಮೇಡಂ, ಫೋಟೋ ಕೊಟ್ಟು ಹೋಗ್ರಿ. ಉಳಿದದ್ದು ನಾ ನೋಡಕೋತೀನಿ.” ಈಕೆ ಒಳಗೆ ಹೋಗಿ, ನಾನು ಓಡಿಸುವುದನ್ನು ನೀವೇ ನೋಡಬೇಕು ಅಂತ ಸಾಹೇಬರನ್ನು ಕುರ್ಚಿಯಿಂದ ಎಬ್ಬಿಸಿದಳು. ಅವರು ನೋಡಿದರು, ಫೇಲ್ ಮಾಡಿದರು. ಹಿಂದಕ್ಕೆ ಬರುವಾಗ ಕಂಬಕ್ಕೆ ತಗುಲಿಸಿದ್ದಳು. ಗಡುವಿಗೆ ಉಳಿದದ್ದು ಹತ್ತೇ ದಿನ.

“ಸಾಹೇಬರು ಒಳ್ಳೆಯವರು. ಸರಿಯಾಗಿ ನೋಡಿದರು,” ಅಂದಳು.

ನಾನು ಹಣೆ ಬಡಿದುಕೊಂಡೆ. “ನಿನ್ನ ಊರಿಗೆ ಕಳಸ್ತಾರ, ಅಲ್ಲಿ ಕುಂತು ಅವರನ್ನ ಹೊಗಳು!”

ಎಂಟು ದಿನ ಕತ್ತಲಾಗುವವರೆಗೆ ಹಿಂದಕ್ಕೆ ಹಿಂದಕ್ಕೆ ಓಡಿಸಿದಳು. ಒಂಬತ್ತನೆಯ ದಿನ ಪಾಸಾದಳು. ಸಾಹೇಬರೇ ಎದ್ದು ಕೈಕೊಟ್ಟರು.

ಮೊದಲ ಸಲ ನನ್ನನ್ನು ಕೂರಿಸಿಕೊಂಡು ಹೊರಟಾಗ ಮಕ್ತಲ್ ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಹಾರ್ನ್ ಹೊಡೆದರೆ ಕುರುಬ ಸರಿಸುತ್ತಾನೆ. ಈಕೆ ಹೊಡೆಯಲೊಲ್ಲಳು, ಅವರ ದೇಶದಲ್ಲಿ ಹಾರ್ನ್ ಅಂದರೆ ಬೈಗುಳವಂತೆ. ಕುರಿ ಸರಿಯಲಿ ಅಂತ ಇವಳು ಕಾಯುತ್ತಾಳೆ, ಅವನು ಹಾರ್ನಿಗೆ ಕಾಯುತ್ತಾನೆ, ಹಿಂದೆ ಲಾರಿಯವರ ಬೊಬ್ಬೆ. ನಾನೇ ಕೈ ಚಾಚಿ ಒತ್ತಿದೆ.

“ಗಾಡಿ ಯಾರು ನಡಸ್ತಾರ್ರಿ ಅವ್ವ?” ಅಂತ ಸಿಟ್ಟಾದಳು.

“ಗಾಡಿ ನೀ ನಡಸು. ರೋಡ್ ನಾ ನಡಸ್ತೀನಿ.”

ಎರಡು ವರ್ಷ ತುಂಬಿದ ಮೇಲೆ ಆಕೆ ತನ್ನ ದೇಶಕ್ಕೆ ಹೋದಳು. ನಾನು ಅಳಲಿಲ್ಲ. ಮಾಳಿಗೆ ಕೋಣೆ ಗುಡಿಸಿ ಬೀಗ ಹಾಕಿದೆ.

ಮುಂದಿನ ವರ್ಷ ಗದ್ವಾಲದ ಮೈದುನ ಎದೆನೋವಿಂದ ಹೋದ. ಮೊದಲ ತಿಂಗಳ ಮಾಸಿಕ ಮುಗಿಯುತ್ತಲೇ ಅವನ ಇಬ್ಬರು ಮಕ್ಕಳು ಬಂದರು. ನನ್ನ ತೊಡೆಯ ಮೇಲೆ ಆಡಿದವರು. ಚಹ ಕುಡಿದು ಹಿರಿಯವನು ಅಂದ, “ದೊಡ್ಡವ್ವ, ಇದು ಅಜ್ಜನ ಮನಿ. ನಿನಗ ಗಂಡುಮಕ್ಕಳಿಲ್ಲ. ನಮಗೂ ಪಾಲು ಬರತೈತಿ.”

ಅವರಪ್ಪ ಹಿರಿಯರ ಮುಂದೆ ಆಡಿದ ಮಾತು ಹೇಳಿದೆ. ಆ ಹಿರಿಯರು ಯಾರಿದ್ದಾರೆ ಅಂತ ಕೇಳಿದ. ಒಬ್ಬರೂ ಇರಲಿಲ್ಲ. ಎದ್ದು ಹೋಗಿ ರಿಜಿಸ್ಟ್ರಿ ಕಾಗದ ತಂದು ಮುಂದಿಟ್ಟೆ. ಹಿರಿಯವನು ಅಪ್ಪನ ಸಹಿಯ ಮೇಲೆ ಬೆರಳಿಟ್ಟ. ಕಿರಿಯವನು ಚಪ್ಪಲಿ ಹುಡುಕಿದ.

ನಾನು ಇವತ್ತು ನನ್ನ ಮನೆಯಲ್ಲಿ ನನ್ನ ಒಲೆಯ ಮುಂದೆ ಕೂತಿರುವುದು ಆ ಮೊಂಡಿಯ ಋಣ. ಆಕೆಗೆ ಒಂದು ಒಳ್ಳೆಯ ಮಾತು ಆಡಿದ ನೆನಪಿಲ್ಲ.

ಮರುದಿನ ಮಕ್ತಲಿಗೆ ಫೋನ್ ಮಾಡಿ ಮಗಳಿಗೆ ಹೇಳಿದೆ, ಉಸಿರಿರುವಾಗಲೇ ಮನೆ ನಿನ್ನ ಹೆಸರಿಗೆ ಬರೆಯುತ್ತೇನೆ ಅಂತ.

“ಅಂಥ ಮಾತು ಆಡಬ್ಯಾಡಬೇ ಅವ್ವ,” ಅಂತ ಅಳತೊಡಗಿದಳು.

“ಅಳೂದು ಆಮ್ಯಾಲ. ಆಧಾರ್ ಕಾರ್ಡ್ ತಗೊಂಡು ನಾಳಿನ ಮೊದಲ ಬಸ್ಸಿಗೆ ಬಾ,” ಅಂದೆ.