ಏನೂ ಆಗದ ಹಾಗೆ ನೋಡಿಕೊಂಡವನು

"ಗುಮ್ಮಣ್ಣನಿಗೆ ಕೆಲಸವೇ ಇಲ್ಲ, ಬರೀ ಸಂಬಳ" ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಅವರದೂ ತಪ್ಪಲ್ಲ ಬಿಡಿ. ಆಫೀಸಿನಲ್ಲಿ ಏನು ಮಾಡ್ತೀರಿ ಎಂದು ಕೇಳಿದವರಿಗೆಲ್ಲ ಅವನೇ, "ಏನೂ ಆಗದ ಹಾಗೆ ನೋಡ್ಕೊಳ್ತೀನಿ" ಎನ್ನುತ್ತಿದ್ದ.

ಗುಮ್ಮಣ್ಣ ಎಂಬ ಅಡ್ಡಹೆಸರು ಆಫೀಸಿನವರು ಇಟ್ಟದ್ದು. ಯಾರಾದರೂ ಮನೆಯಿಂದ ಪೆನ್‌ಡ್ರೈವ್ ತಂದರೆ ಸಾಕು, ಉಣ್ಣದ ಮಕ್ಕಳಿಗೆ ಗುಮ್ಮನನ್ನು ತೋರಿಸುವ ಹಾಗೆ ವೈರಸ್ಸಿನ ಹೆಸರು ಹೇಳಿ ಹೆದರಿಸುತ್ತಿದ್ದ.

ಅಲ್ಲಿನ ಕಂಪ್ಯೂಟರುಗಳ ಆಂಟಿವೈರಸ್ಸನ್ನು ದಿನಾ ಅಪ್‌ಡೇಟ್ ಮಾಡುವುದು ಅವನ ಕೆಲಸ. ತಾನಾಗಿಯೇ ಆಗಬೇಕಾದ್ದು ಅದು, ನಿಜ. ಆದರೆ ಸಂಜೆಯ ಆತುರದಲ್ಲಿ ಎಲ್ಲರೂ ಸ್ವಿಚ್ ಆರಿಸಿ ಹೋಗುತ್ತಿದ್ದರು. ಹಗಲು "ಅಪ್‌ಡೇಟ್ ಮಾಡಲೇ?" ಎಂದು ಪರದೆ ಕೇಳಿದರೆ "ಆಮೇಲೆ" ಎಂಬುದನ್ನೇ ಒತ್ತುತ್ತಿದ್ದರು. ನಾಳೆ ಎಂದವನ ಮನೆ ಹಾಳು, ಆಮೇಲೆ ಎಂದವನ ಕಂಪ್ಯೂಟರೂ ಹಾಳು ಎಂದುಕೊಂಡು ಗುಮ್ಮಣ್ಣ ಎಲ್ಲರಿಗಿಂತ ಮೊದಲೇ ಹೋಗಿ, ಶಾಲೆಗೆ ಮಕ್ಕಳನ್ನು ಎಬ್ಬಿಸುವ ಹಾಗೆ ಒಂದೊಂದನ್ನೇ ಎಬ್ಬಿಸುತ್ತಿದ್ದ.

ಮ್ಯಾನೇಜರರದನ್ನು ಮಾತ್ರ ಮುಟ್ಟುವಂತಿರಲಿಲ್ಲ. "ಅದು ಹಾಕಿದ್ರೆ ನಂದು ಕುಂಟುತ್ತೆ ಕಣಯ್ಯ, ಬೇಡ."

ಒಮ್ಮೆ ಅವರೇ ಪ್ರವಾಸದ ಫೋಟೋ ತೋರಿಸಲೆಂದು ಪೆನ್‌ಡ್ರೈವ್ ಚುಚ್ಚಿದರು. ಫೋಟೋಗಳ ಬೆನ್ನಿಗೇ ವೈರಸ್ ಇಳಿಯಿತು. ಇಳಿದದ್ದು ಉಳಿದ ಕಂಪ್ಯೂಟರುಗಳ ಬಾಗಿಲೂ ತಟ್ಟಿತು. ಎಲ್ಲ ಕಡೆ ಅಗುಳಿ ಬಿದ್ದಿತ್ತು. ಗುಮ್ಮಣ್ಣ ಊಟ ಬಿಟ್ಟು ಕೂತು ಮ್ಯಾನೇಜರರದನ್ನು ಸರಿಮಾಡಿ, ಆಂಟಿವೈರಸ್ಸೂ ಹಾಕಿಕೊಟ್ಟ.

"ಯಾರಿಗೂ ಹೇಳ್ಬೇಡಪ್ಪಾ, ಮರ್ಯಾದೆ ಹೋಗುತ್ತೆ."

"ಇಲ್ಲ ಸಾರ್, ಹೇಳಲ್ಲ."

ವಾರ ಕಳೆಯುವುದರೊಳಗೆ ಮತ್ತೆ ಕರೆದರು. "ಕುಂಟ್ತಾ ಇದೆ ಕಣಯ್ಯ. ತೆಗೆದುಬಿಡು." ತೆಗೆದ.

ವರ್ಷದ ಕೊನೆಗೆ ಖರ್ಚು ತಗ್ಗಿಸುವ ಮಾತು ಬಂತು. ಮೀಟಿಂಗಿನಲ್ಲಿ ಮ್ಯಾನೇಜರರು ಎದೆಯುಬ್ಬಿಸಿ, "ನಮ್ಮಲ್ಲಿ ಇಲ್ಲಿವರೆಗೂ ಒಂದೇ ಒಂದು ವೈರಸ್ ಬಂದಿಲ್ಲ. ಮತ್ತೆ ಅದಕ್ಕೇ ಅಂತ ಒಬ್ಬ ಯಾಕೆ?" ಎಂದರು. ಬಾಗಿಲ ಬಳಿ ನಿಂತಿದ್ದ ಗುಮ್ಮಣ್ಣ ಬಾಯಿ ಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಮಾತು ಕೊಟ್ಟಾಗಿತ್ತು.

"ಮಾತಂತೆ ಮಾತು! ಅದನ್ನೇನು ಬೇಯಿಸ್ಕೊಂಡು ತಿನ್ನೋಣವಾ?" ಎಂದಳು ಹೆಂಡತಿ. ಕೊನೆಯ ದಿನದ ಬೆಳಗ್ಗೆ ಬುತ್ತಿ ಕಟ್ಟುತ್ತಾ ಮತ್ತೆ ಶುರುಮಾಡಿದಳು: "ಇವತ್ತೊಂದಿನ ಏನೂ ಮುಟ್ಟದೆ ಬನ್ನಿ. ಒಂದ್ಸಲ ಎಲ್ಲ ಕೆಟ್ಟು ಕೂತ್ರೆ ತಾವಾಗೇ ಕರೀತಾರೆ."

ಅವಳ ಲೆಕ್ಕಾಚಾರ ಸರಿಯೇ. ಅವನೂ ಅದನ್ನು ಯೋಚಿಸದೆ ಇರಲಿಲ್ಲ. ಆದರೂ ಹೊತ್ತು ಮೂಡುವ ಮುಂಚೆಯೇ ಚಪ್ಪಲಿ ಮೆಟ್ಟಿದ.

"ಅಯ್ಯೋ, ಇವತ್ತೂ ಬೇಗನಾ?"

"ಇವತ್ತು ಒಂದು ಜಾಸ್ತಿ ಇದೆ ಕಣೇ. ಮ್ಯಾನೇಜರ್‌ದೂ ಹಾಕ್ತೀನಿ."

"ಗೊತ್ತಾದ್ರೆ ಸುಮ್ನೆ ಬಿಡ್ತಾರೇನ್ರಿ?"

"ಏನ್ ಮಾಡ್ತಾರೆ? ಕೆಲಸದಿಂದ ತೆಗೀತಾರಾ?"

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಗುಮ್ಮಣ್ಣ ಬುತ್ತಿಯನ್ನು ಚೀಲಕ್ಕೆ ತುರುಕಿಕೊಂಡು, ಗೇಟಿನ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎಂದಿನಂತೆ ಎಳೆದು ನೋಡಿ, ಹೊರಟ.