ಅವ್ವನ ಮುಂಗೈಯ ಚುಕ್ಕಿಗಳು

ಅವ್ವ ನನ್ನೆದುರು ಮುಂಗೈ ಬಿಟ್ಟುಕೊಂಡು ಕೂತ ಕೊನೆಯ ದಿನ ಒಂದು ಭಾನುವಾರ. ಅವರೆಕಾಯಿ ಕಾಲ. ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಬೆಟ್ಟದಪುರದ ಬೆಟ್ಟದ ತಲೆಯ ಮೇಲೆ ಮಂಜು ಇನ್ನೂ ಕೂತಿತ್ತು. ನಾನು ಹಿಂದಿನ ದಿನ ಹುಣಸೂರಿನಿಂದ ಬಸ್ಸಿನಲ್ಲಿ ಬಂದಿದ್ದೆ. ಮೈಸೂರಿನ ಚಿತ್ರಕಲಾ ಶಾಲೆಯಲ್ಲಿ ಓದುತ್ತಿದ್ದವನು ನಾನು. ಕೊನೆಯ ವರ್ಷ ಮೂರು ತಿಂಗಳು ಎಲ್ಲಾದರೂ ಕೆಲಸ ಕಲಿತು, ಅಲ್ಲಿ ಮಾಡಿದ ಒಂದು ಡಿಸೈನನ್ನು ಶಾಲೆಗೆ ಒಪ್ಪಿಸಬೇಕಿತ್ತು. ನನಗೆ ಹುಣಸೂರಿನ ಒಂದು ಪ್ರಿಂಟಿಂಗ್ ಪ್ರೆಸ್ ಸಿಕ್ಕಿತ್ತು. ಲೇಬಲ್ಲು, ಕರಪತ್ರ, ಮದುವೆ ಕಾಗದ ಅಚ್ಚು ಮಾಡುವ ಜಾಗ.

ನನ್ನ ಚೀಲದಲ್ಲಿ ಕೆಳಗಿನ ಗೆರೆ ಕಾಣುವಂಥ ತೆಳು ಬೆಣ್ಣೆ ಕಾಗದವೂ ಚೂಪು ಮಾಡಿದ ಪೆನ್ಸಿಲ್ಲೂ ಇದ್ದವು.

"ಅವ್ವಾ, ಎಡಗೈ ಕೊಡು ಒಂದ್ಗಳಿಗೆ."

"ಯಾಕ್ಲಾ? ಕೈ ನೋಡಿ ಶಾಸ್ತ್ರ ಯೋಳೋದ್ನೂ ಕಲ್ಸ್ತಾರಾ ನಿಮ್ ಸ್ಕೂಲಲ್ಲಿ?"

"ಹಚ್ಚೆ ಬರ್ಕೋಬೇಕು ಕಣವ್ವ."

"ಇದ್ನಾ? ಇದ್ಯಾಕಪ್ಪ ನಿಂಗೆ?"

"ಕಲಿಯೋಕೆ."

"ಕಲಿಯಾಕಾದ್ರೆ ಬರ್ಕೊ," ಎಂದು ಸೊಗಡು ಹತ್ತಿದ ಕೈಯನ್ನು ಸೆರಗಿಗೆ ಒರೆಸಿ ನನ್ನ ತೊಡೆಯ ಮೇಲಿಟ್ಟಳು.

ಮಣಿಕಟ್ಟಿಗೂ ಮೊಣಕೈಗೂ ನಡುವೆ ಇತ್ತು ಆ ಹಚ್ಚೆ. ಒಂದು ತೊಟ್ಟಿಲು, ಅದಕ್ಕೆ ಎರಡು ಹಗ್ಗ, ಕೆಳಗೆ ಸಾಲಾಗಿ ಚುಕ್ಕಿಗಳು. ತೊಟ್ಟಿಲ ಹಚ್ಚೆ ನಮ್ಮ ಕಡೆಯ ಹೆಂಗಸರಲ್ಲಿ ಅಪರೂಪವಲ್ಲ. ಆದರೆ ಕೆಳಗೆ ಹಾಗೆ ಚುಕ್ಕಿಗಳಿದ್ದದ್ದನ್ನು ನಾನು ಬೇರೆ ಯಾರ ಕೈಯಲ್ಲೂ ಕಂಡಿಲ್ಲ. ನಾನು ಕಾಗದ ಹಾಸಿ ಗೆರೆಗಳನ್ನು ಇಳಿಸಿಕೊಳ್ಳುವಾಗ ಅವಳು ಇನ್ನೊಂದು ಕೈಯಲ್ಲಿ ಕಾಳು ಆರಿಸುತ್ತಲೇ ಇದ್ದಳು.

"ನಾಳೀಕೆ ನಾನ್ ಸತ್ರೆ ಓಲೆ ಬಿಚ್ಕತೀರಿ, ಸೀರೆ ಬಿಚ್ಕತೀರಿ. ಇದೊಂದ್ನ ಮಾತ್ರ ಯಾರೂ ಕಿತ್ಕಳಕ್ಕಾಗಕಿಲ್ಲ ಕಣ್ಲಾ. ನನ್ ಜೊತೇಲೇ ಬತ್ತದೆ," ಎಂದು ನಕ್ಕಳು.

ನಮ್ಮೂರಿನ ಮುದುಕಿಯರೆಲ್ಲ ಆಡುವ ಮಾತು ಅದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೆರೆ ಇಳಿಸುವವನು ಗೆರೆಯನ್ನು ನೋಡುತ್ತಾನೆ, ಚುಕ್ಕಿಯ ಮೇಲೆ ಚುಕ್ಕಿ ಇಡುತ್ತಾನೆ, ಎಣಿಸುವುದಿಲ್ಲ. ನಾನೂ ಎಣಿಸಲಿಲ್ಲ.

ಹಿಂದಿನ ವಾರ ಪ್ರೆಸ್ಸಿನಲ್ಲಿ ಒಂದು ಪಾಠವಾಗಿತ್ತು. ಮಕ್ಕಳ ಹೊಟ್ಟೆನೋವಿನ ಔಷಧಿ ಮಾಡುವವರೊಬ್ಬರು ಲೇಬಲ್ ಬೇಕೆಂದು ಬಂದಿದ್ದರು. ನಾನು ಯಾವುದೋ ಬೆಂಕಿಪೊಟ್ಟಣದ ಮೇಲಿದ್ದ ದೀಪವನ್ನು ಸ್ವಲ್ಪ ತಿದ್ದಿ ಬರೆದುಕೊಟ್ಟೆ. ಪ್ರೆಸ್ಸಿನ ಯಜಮಾನರು ಅದನ್ನು ನೋಡಿದ ಕೂಡಲೇ ಹರಿದು ಹಾಕಿದರು.

"ಇದು ಇನ್ನೊಬ್ರ ಮಾರ್ಕು. ಇನ್ನೊಬ್ರದ್ದನ್ನ ಎತ್ಕೊಳ್ಳೋದು ಕಳ್ಳತನ ಕಣಯ್ಯ. ನಮ್ಮ ಕಸುಬಲ್ಲಿ ಮೊದಲು ಕಲಿಯೋದೇ ಅದು. ಯಾರದೂ ಅಲ್ಲದ್ದನ್ನ ತಗೊಂಡು ಬಾ."

ಎಂಥ ನ್ಯಾಯವಂತ ಎಂದುಕೊಂಡೆ. ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟುಕೊಂಡೆ. ಈಗ ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಸೋಮವಾರ ತೊಟ್ಟಿಲನ್ನು ಕೊಂಡುಹೋಗಿ ಅವರ ಮೇಜಿನ ಮೇಲಿಟ್ಟೆ. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಕಣಯ್ಯ. ಎಲ್ಲಿಂದ ತೆಗೆದೆ? ಯಾವ ಕಂಪನಿದು?"

"ಯಾವ ಕಂಪನಿದೂ ಅಲ್ಲ ಸಾರ್. ನಮ್ಮವ್ವನ ಕೈಮೇಲಿಂದು. ಹಚ್ಚೆ."

ಅವರು ಜೋರಾಗಿ ನಕ್ಕರು. "ಹಂಗಾದ್ರೆ ಯಾರದೂ ಅಲ್ಲ ಬಿಡು!"

ನಾನೂ ನಕ್ಕೆ. ಅದನ್ನು ಬಚ್ಚಿಡುವುದಿಲ್ಲ.

ಆಮೇಲೆ ಅವರು ಚುಕ್ಕಿಗಳ ಮೇಲೆ ಪೆನ್ಸಿಲ್ ಆಡಿಸಿದರು. ಲೇಬಲ್ಲು ಇರುವುದು ಎರಡು ಬೆರಳಗಲ, ಇಷ್ಟು ಚುಕ್ಕಿ ಇಟ್ಟರೆ ಅಚ್ಚಿನ ಬ್ಲಾಕಿನಲ್ಲಿ ಮಸಿ ತುಂಬಿಕೊಂಡು ಎಲ್ಲ ಸೇರಿ ಒಂದೇ ಗೆರೆಯಾಗುತ್ತದೆ ಎಂದರು. "ಐದಿಡು ಸಾಕು. ನೋಡೋಕೂ ಅಂದ." ಮಸಿಯ ವಿಷಯದಲ್ಲಿ ಅವರ ಮಾತು ಸರಿಯೇ. ನಾನು ಕರಿ ಮಸಿಯಲ್ಲಿ ದೊಡ್ಡದಾಗಿ ತೊಟ್ಟಿಲು ಬರೆದು, ಕೆಳಗೆ ಐದು ಚುಕ್ಕಿ ಇಟ್ಟು ಕೊಟ್ಟೆ. ಬೆಣ್ಣೆ ಕಾಗದ ಅವರ ಮೇಜಿನ ಮೇಲೆಯೇ ಉಳಿಯಿತು.

ಅದೇ ಚಿತ್ರವನ್ನು ಶಾಲೆಗೆ ಒಪ್ಪಿಸಿದೆ. ಜೊತೆಗಿಡುವ ಫಾರಮ್ಮಿನಲ್ಲಿ 'ರಚನೆ' ಎಂಬ ಕಡೆ ನನ್ನ ಹೆಸರು ಬರೆದೆ. ಮೇಷ್ಟ್ರು ಅದರ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಸ್ವಂತ ಕಲ್ಪನೆ, ಬಹಳ ಚೆನ್ನಾಗಿದೆ' ಎಂದು ಬರೆದರು. ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ.

ಬೇಸಿಗೆ ಬರುವಷ್ಟರಲ್ಲಿ ಔಷಧಿ ಅಂಗಡಿಗಳಿಗೆ ಬಂತು. ಕೆ.ಆರ್. ನಗರದ ಬಸ್ ನಿಲ್ದಾಣದ ಅಂಗಡಿಯಲ್ಲಿ ಸೀಸೆಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ ನನ್ನ ತೊಟ್ಟಿಲು. ಹೌದು, ನನ್ನ ತೊಟ್ಟಿಲು ಎಂದೇ ಅಂದುಕೊಂಡೆ. ಬಸ್ಸು ಹೊರಡುವವರೆಗೂ ಅಲ್ಲೇ ನಿಂತು ನೋಡಿದೆ.

ಅವ್ವನಿಗೆ ತೋರಿಸಿ ಬೆರಗುಗೊಳಿಸಬೇಕೆಂದು ಹೇಳದೆ ಇಟ್ಟುಕೊಂಡಿದ್ದೆ. ಪಿರಿಯಾಪಟ್ಟಣದ ಸಂತೆಗೆ ಅವಳ ಜೊತೆ ಹೋದಾಗ ಚೀಲ ಹೊತ್ತುಕೊಂಡು ಬೇಕೆಂದೇ ಆ ಔಷಧಿ ಮಾರುವ ಕಡೆ ಕರೆದುಕೊಂಡು ಹೋದೆ. ಒಬ್ಬ ಮಾತುಗಾರ ತಳ್ಳುಗಾಡಿಯ ಮೇಲೆ ಸೀಸೆಗಳನ್ನಿಟ್ಟುಕೊಂಡು, ಹಿಂದೆ ಹಲಗೆಯ ಮೇಲೆ ದೊಡ್ಡ ತೊಟ್ಟಿಲು ಬರೆಸಿ, ಕೂಗಿ ಮಾರುತ್ತಿದ್ದ.

"ಅವ್ವಾ, ನೋಡು," ಎಂದೆ.

ಅವಳು ನೋಡಿದಳು. ಮುಂದೆ ಬಂದು ಒಂದು ಸೀಸೆ ತೆಗೆದುಕೊಳ್ಳಲು ಎಡಗೈ ಚಾಚಿದಳು. ಮಾತುಗಾರನ ಕಣ್ಣು ಅವಳ ಮುಂಗೈಯ ಮೇಲೆ ಬಿತ್ತು.

"ಎಲಾ ಎಲಾ, ನೋಡ್ರಪ್ಪೋ! ಈಯವ್ವ ನಮ್ ಔಷ್ದಿ ಮಾರ್ಕ್ನ ಕೈಮ್ಯಾಲೇ ಹುಯ್ಸ್ಕಂಡವ್ಳೆ! ಈಟ್ ನಂಬ್ಕೆ ಯಾರ್ಗದೆ? ಯೋಳವ್ವ, ನಮ್ ಔಷ್ದಿ ಕುಡ್ದು ನಿಂಗೆಷ್ಟ್ ಮಕ್ಳು ಬದುಕ್ದೊ, ಎಲ್ರೂ ಕೇಳ್ಲಿ!"

ಸುತ್ತ ನಿಂತವರೆಲ್ಲ ನಕ್ಕರು. ಒಬ್ಬ ಹೆಂಗಸು ಇಣುಕಿ ನೋಡಿ, "ಊಂ ಕಣಕ್ಕ, ಅಂಗೇ ಅದೆ!" ಎಂದಳು.

ಅವ್ವ ಸೀಸೆಯನ್ನು ಕಣ್ಣಿನ ಹತ್ತಿರ ಹಿಡಿದು ಹೆಬ್ಬೆರಳ ಉಗುರಿನಿಂದ ಒಂದೊಂದೇ ಚುಕ್ಕಿ ಮುಟ್ಟಿದಳು.

"ಐದು," ಎಂದಳು. ಸೀಸೆ ಇಟ್ಟಳು. ಸೆರಗನ್ನು ಎಳೆದು ಕೈಗೆ ಸುತ್ತಿಕೊಂಡು ಬಸ್ಸಿನ ಕಡೆ ನಡೆದಳು. ಸಂತೆ ಆಗಲೇ ಇಲ್ಲ. ಖಾಲಿ ಚೀಲ ಹಿಡಿದುಕೊಂಡು ಹಿಂದೆ ಹೋದೆ.

ಮನೆಗೆ ಬಂದು ನೀರು ಕುಡಿದ ಮೇಲೆ, ಕೈಗೆ ಸುತ್ತಿದ ಸೆರಗು ಬಿಚ್ಚದೆಯೇ ಕೇಳಿದಳು. "ನೀನಾ ಕೊಟ್ಟಿದ್ದು?"

"ಊಂ."

"ಕಲಿಯಾಕೆ ಅಂದ್ಯಲ್ಲ."

ನಾನು ಖಾಲಿ ಚೀಲವನ್ನು ಗೂಟಕ್ಕೆ ಸಿಕ್ಕಿಸಿದೆ.

"ನಿನ್ಗಿಂತ ಮುಂಚೆ ನಿಮ್ಮಕ್ಕ ಒಬ್ಳು ಇದ್ಲು. ಗೊತ್ತಲ್ವಾ?"

ಗೊತ್ತಿತ್ತು. ನಾನು ಹುಟ್ಟುವ ಮೊದಲು ಒಂದು ಹೆಣ್ಣುಮಗು ತೀರಿಕೊಂಡಿತ್ತು ಎಂಬುದಷ್ಟೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಅವಳ ಮಾತು ಯಾರೂ ತೆಗೆಯುತ್ತಿರಲಿಲ್ಲ. ಅಪ್ಪ ನನ್ನ ಚಿಕ್ಕಂದಿನಲ್ಲೇ ಹೋಗಿದ್ದ.

"ಅವ್ಳು ತೀರೋದ್ ಮ್ಯಾಕೆ ಹಚ್ಚೆ ಹುಯ್ಯೋಳು ಬಂದಿದ್ಲು. ಸೇರು ರಾಗಿ ಕೊಟ್ಟು ಹುಯ್ಸ್ಕಂಡೆ. ಒಂದೊಂದ್ ಚುಕ್ಕಿ ಒಂದೊಂದ್ ತಿಂಗ್ಳು ಕಣಪ್ಪ. ಅವ್ಳು ಬದುಕಿದ್ ತಿಂಗ್ಳು."

"ಎಷ್ಟಿದ್ವವ್ವಾ?"

"ಬರ್ಕಂಡೋನು ನೀನು. ನನ್ನ ಕೇಳ್ತೀಯಾ?"

ಆಮೇಲೆ ಅವಳು ಹೇಳಿದ್ದು ಒಂದೇ ಮಾತು. "ಇದೊಂದ್ನ ಯಾರೂ ಕಿತ್ಕಳಕ್ಕಾಗಕಿಲ್ಲ ಅಂದ್ಕಂಡಿದ್ದೆ."

ಮುಂದಿನ ವಾರ ಬೈಲಕುಪ್ಪೆಗೆ ಹೋಗಿ ಟಿಬೆಟಿನ ಹೆಂಗಸೊಬ್ಬಳ ಹತ್ತಿರ ಉದ್ದ ತೋಳಿನ ಕಂದು ಸ್ವೆಟರ್ ತಂದಳು. ಅಂದಿನಿಂದ ಅದನ್ನು ಬಿಚ್ಚಿದ್ದು ನಾನು ಕಾಣೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಬಿಸಿಯಲ್ಲಿ ಎಲೆ ಕಟ್ಟುವಾಗಲೂ ಅದೇ.

"ಯೇನಕ್ಕ, ಮಡಿಕೇರಿಲಿ ಮನೆ ಮಾಡಿದ್ದೀಯಾ?" ಎಂದು ಜೊತೆಯ ಹೆಂಗಸರು ರೇಗಿಸುತ್ತಿದ್ದರು.

"ಚಳಿ ಕಣ್ರವ್ವ," ಎನ್ನುತ್ತಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

ನನ್ನನ್ನು ಬೈಯಲಿಲ್ಲ. ಹಿಂದಿನಂತೆಯೇ ಮುದ್ದೆ ಬಡಿಸಿದಳು, ಹಿಂದಿನಂತೆಯೇ ಬಸ್ಸಿಗೆ ಹೊತ್ತಾಯಿತು ಎಂದು ಎಬ್ಬಿಸಿದಳು. ಪೊರಕೆ ತೆಗೆದುಕೊಂಡು ಹೊಡೆದಿದ್ದರೆ ನಾನು ಇಷ್ಟು ವರ್ಷ ಈ ಸಿಟ್ಟನ್ನು ಹೊರಬೇಕಿರಲಿಲ್ಲವೇನೋ.

ಬೆಣ್ಣೆ ಕಾಗದ ಸಿಕ್ಕಿದರೆ ಚುಕ್ಕಿಗಳೂ ಸಿಕ್ಕುತ್ತವೆ ಎಂದು ಹುಣಸೂರಿಗೆ ಓಡಿದೆ. ಯಜಮಾನರು ಕಾಫಿ ಕುಡಿಯುತ್ತ ಕೂತಿದ್ದರು.

"ಆ ಕಾಗದಾನಾ? ರೋಲರ್ ಒರೆಸಿ ಬಿಸಾಕಿರ್ತಾರೆ. ಬ್ಲಾಕ್ ಆದ ಮೇಲೆ ಅದ್ಯಾಕಯ್ಯ?"

"ಸಾರ್, ಆ ಲೇಬಲ್ ನಿಲ್ಲಿಸಬೇಕು."

"ಯಾಕೆ?"

ಹೇಳಿದೆ. ಅಕ್ಕನ ವಿಷಯ, ತಿಂಗಳುಗಳ ವಿಷಯ, ಸಂತೆಯ ವಿಷಯ. ಕೇಳಿಸಿಕೊಂಡು ಲೋಟ ಕೆಳಗಿಟ್ಟರು. ಒಂದು ಕ್ಷಣ ಅವರ ಮುಖ ಬದಲಾಯಿತು ಎಂದುಕೊಂಡೆ.

"ಪಾಪ," ಎಂದರು. "ಆದ್ರೆ ಸೀಸೆ ಕೊಳ್ಳೋರಿಗೆ ಚುಕ್ಕಿ ಲೆಕ್ಕ ಯಾಕೆ? ಅವರಿಗೇನು ಗೊತ್ತು?"

"ಇನ್ನೊಬ್ಬರದ್ದನ್ನ ಮುಟ್ಟಬಾರದು ಅಂತ ನೀವೇ ಅಂದ್ರಿ. ಬೆಂಕಿಪೊಟ್ಟಣದ ದೀಪ ಹರಿದು ಹಾಕಿದ್ರಿ."

"ಅದು ಬೇರೆ ಕಣಯ್ಯ. ಅವರು ಕೋರ್ಟಿಗೆ ಎಳೀತಾರೆ. ನಿಮ್ಮವ್ವ ಎಳೀತಾಳಾ?"

ಅದು ಅವರು ನನಗೆ ಕಲಿಸಿದ ಕಸುಬಿನ ನೀತಿ. ಕೇಳುವವರಿದ್ದರೆ ಕಳ್ಳತನ, ಇಲ್ಲದಿದ್ದರೆ ಡಿಸೈನು. ನನ್ನ ಕೈ ಮೇಜಿನ ಮೇಲಿದ್ದ ಮಸಿಯ ಡಬ್ಬದ ಮೇಲೆ ಹೋಗಿತ್ತು. ಅವರ ಬಿಳಿ ಅಂಗಿಯ ಮೇಲೆ ಎರಚಬೇಕಿತ್ತು. ಎರಚಲಿಲ್ಲ.

"ನಿನ್ನ ಕೈಯಾರೆ ತಂದುಕೊಟ್ಟೋನು ನೀನು," ಎಂದರು ಕೊನೆಗೆ. "ನಾನೇನು ನಿಮ್ಮೂರಿಗೆ ಬಂದು ನಿಮ್ಮವ್ವನ ಕೈ ಹಿಡಿದಿದ್ನಾ?"

ಇವತ್ತಿಗೂ ಆ ಮನುಷ್ಯನ ಮೇಲಿನ ಸಿಟ್ಟು ಅವನ ತನಕ ಹೋಗಿ ಪ್ರತಿ ಸಲವೂ ನನ್ನ ಹತ್ತಿರಕ್ಕೇ ವಾಪಸು ಬರುತ್ತದೆ.

ಶಾಲೆಯ ಮೇಷ್ಟ್ರ ಹತ್ತಿರವೂ ಹೋದೆ. ಅದು ನನ್ನ ಕಲ್ಪನೆಯಲ್ಲ, ನನ್ನ ನಂಬರು ತೆಗೆಯಿರಿ ಎಂದೆ. ಅವರು ಒಳ್ಳೆಯವರು, ಹೆಗಲ ಮೇಲೆ ಕೈಯಿಟ್ಟರು. ಹಚ್ಚೆ ಜನಪದದ್ದು, ಜನಪದದ್ದು ಎಲ್ಲರ ಆಸ್ತಿ, ಕಲಾವಿದ ಅದನ್ನು ತೆಗೆದುಕೊಳ್ಳಬಹುದು, ನೀನು ಇಷ್ಟು ಮೆದುವಾಗಬೇಡ ಎಂದರು. ನಮ್ಮವ್ವ ಜನಪದ ಅಲ್ಲ ಸಾರ್, ಒಬ್ಬಳು ಹೆಂಗಸು ಎಂದು ಹೇಳಬೇಕಿತ್ತು. ಈ ಮಾತು ನನಗೆ ಹೊಳೆದದ್ದು ಮೆಟ್ಟಿಲು ಇಳಿದ ಮೇಲೆ. ನಂಬರು ಹಾಗೆಯೇ ಉಳಿಯಿತು. ಸರ್ಟಿಫಿಕೇಟು ಈಗಲೂ ಟ್ರಂಕಿನ ತಳದಲ್ಲಿದೆ.

ಆಮೇಲೆ ನಾನು ಚಿತ್ರ ಬರೆಯಲಿಲ್ಲ. ಅಂಗಡಿಗಳ ಬೋರ್ಡಿಗೆ ಅಕ್ಷರ ಬರೆಯುವ ಕೆಲಸ ಹಿಡಿದೆ. ಅಕ್ಷರ ಎಲ್ಲರದು, ಅದರಲ್ಲಿ ಯಾರ ಮಗುವೂ ಇರುವುದಿಲ್ಲ.

ನಾಲ್ಕು ವರ್ಷದ ಮೇಲೆ ಅವ್ವ ಹೋದಳು. ನಾನು ಎಚ್.ಡಿ. ಕೋಟೆಯ ಆಚೆ ಅಂತರಸಂತೆಯಲ್ಲಿ ಒಂದು ಹೋಟೆಲಿನ ಬೋರ್ಡು ಬರೆಯುತ್ತಿದ್ದೆ. ಸುದ್ದಿ ಬಂದಾಗ ಅರ್ಧ ಹೆಸರು ಬರೆದಾಗಿತ್ತು. ಕುಂಚವನ್ನು ಸೀಮೆಎಣ್ಣೆಯಲ್ಲಿ ಬಿಟ್ಟು ಹೊರಟೆ. ಮೂರು ಬಸ್ಸು ಬದಲಾಯಿಸಿ ಊರು ಮುಟ್ಟುವಷ್ಟರಲ್ಲಿ ಹೆಂಗಸರು ಮೀಸಿ, ಹೊಸ ಬಟ್ಟೆ ಸುತ್ತಿ, ಕಟ್ಟಿಬಿಟ್ಟಿದ್ದರು. ಮುಖವಷ್ಟೇ ಕಾಣುತ್ತಿತ್ತು. ಕಂದು ಸ್ವೆಟರು ಹಿತ್ತಿಲ ಬೇಲಿಯ ಮೇಲೆ ಬಿದ್ದಿತ್ತು.

"ಎಡಗೈ ಒಂದ್ಸಲ ನೋಡ್ಬೇಕು," ಎಂದೆ.

"ಕಟ್ಟಾದ್ ಮ್ಯಾಕೆ ಬಿಚ್ಚಂಗಿಲ್ಲ ಕಣಪ್ಪ," ಎಂದರು ಹಿರಿಯರೊಬ್ಬರು. "ಮೊಖ ನೋಡ್ಕೊ ಸಾಕು."

"ಕೈ ನೋಡ್ಬೇಕು!" ಎಂದು ಕಿರುಚಿದೆ. ದುಃಖಕ್ಕೆ ಹಾಗಾಡುತ್ತಿದ್ದಾನೆ ಎಂದುಕೊಂಡು ಇಬ್ಬರು ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿದರು. ಹೊಲದ ಅಂಚಿನಲ್ಲಿ, ಅಪ್ಪನ ಪಕ್ಕ ಮಣ್ಣು ಮಾಡಿದೆವು. ಅವಳು ಹೇಳಿದ್ದಂತೆ ಅದು ಅವಳ ಜೊತೆಯಲ್ಲೇ ಹೋಯಿತು.

ತಿಥಿ ಮುಗಿದ ಮೇಲೆ ಮೀಸಿದ ಹೆಂಗಸರನ್ನು ಕೇಳಿದೆ. ಅವ್ವನ ಓರಗಿತ್ತಿ, ನನ್ನ ಚಿಕ್ಕವ್ವ, ಈ ಮನೆಗೆ ಬಂದದ್ದೇ ನಾನು ಹುಟ್ಟಿದ ಮೇಲೆ. ಅವಳು ಅಕ್ಕನನ್ನು ಕಂಡವಳಲ್ಲ.

"ಒಂಬತ್ತಿದ್ವು ಕಣಪ್ಪ," ಎಂದಳು.

ಅವಳಂತೆಯೇ ಆಮೇಲೆ ಊರಿಗೆ ಬಂದಿದ್ದ ಪಕ್ಕದ ಮನೆಯವಳು ತಕ್ಷಣ ಇಲ್ಲವೆಂದು ತಲೆಯಾಡಿಸಿದಳು. "ಬುಡಕ್ಕ, ಒಂಬತ್ತೆಲ್ಲಿ? ಅನ್ನೊಂದಿದ್ವು. ನಾನೇ ಕೈ ಉಜ್ಜಿದ್ದು."

"ನಿನ್ ಕಣ್ಣಿಗೆ ಪೊರೆ ಬಂದದೆ."

"ನಿಂಗೆ ಎಣಿಸಾಕೆ ಬತ್ತದಾ?"

ಇಬ್ಬರೂ ನನ್ನ ಮುಖ ನೋಡಿ ಒಳಗೆ ಎದ್ದುಹೋದರು.

ಆ ಔಷಧಿ ಈಗ ಬರುವುದಿಲ್ಲ. ನನ್ನ ಹತ್ತಿರ ಒಂದು ಖಾಲಿ ಸೀಸೆ ಇದೆ. ಅದರ ಮೇಲೆ ತೊಟ್ಟಿಲಿದೆ, ಎರಡು ಹಗ್ಗಗಳಿವೆ, ಐದು ಚುಕ್ಕಿಗಳಿವೆ. ಐದು ಸುಳ್ಳು ಎಂಬುದು ಮಾತ್ರ ನನಗೆ ಖಚಿತ. ಅಕ್ಕ ಎಷ್ಟು ತಿಂಗಳು ಬದುಕಿದ್ದಳು ಎಂಬುದು ನನಗೆ ಗೊತ್ತಿಲ್ಲ.