ಸೋತ ಜಡೆ

ಅದೆಲ್ಲ ಮೊದಲೇ ಮಾತಾಡಿಕೊಂಡು ಆಡುವ ನಾಟಕ ಎಂದು ಇಂದಿಗೂ ಯಾರಾದರೊಬ್ಬರು ನನಗೆ ತಿಳಿಹೇಳುತ್ತಿರುತ್ತಾರೆ. ಮೊನ್ನೆ ಶಾಲೆಯ ಸ್ಟಾಫ್ ರೂಮಿನಲ್ಲಿ, ಊಟದ ಬಿಡುವಿನಲ್ಲಿ, ಫೋನಿನಲ್ಲಿ ಹಳೆಯ ಕುಸ್ತಿ ಶೋ ಹಾಕಿಕೊಂಡು ಕೂತಿದ್ದೆ. ಗಣಿತದ ಮೇಷ್ಟ್ರು ಹಿಂದಿನಿಂದ ಇಣುಕಿ, ನಲವತ್ತು ದಾಟಿದ ಹೆಂಗಸು ನೋಡುವುದೇ ಇದನ್ನು ಎಂಬಂತೆ ಮುಖ ಮಾಡಿ, ಎಲ್ಲ ಸುಳ್ಳು ಮೇಡಂ ಎಂದರು. ಗೊತ್ತು ಸಾರ್ ಎಂದೆ. ಗೊತ್ತಿದ್ದೂ ನೋಡ್ತೀರಾ ಎಂದರು. ನೋಡುತ್ತೇನೆ. ಅವರು ದಿನಾ ಸಂಜೆ ನೋಡುವ ಧಾರಾವಾಹಿಯ ಅತ್ತೆ ಏನು ನಿಜವಾಗಿಯೂ ಸೊಸೆಗೆ ವಿಷ ಹಾಕುತ್ತಾಳೆಯೇ?

ಆ ಶೋ ಚಳ್ಳಕೆರೆಯ ನಮ್ಮ ಮನೆಗೆ ಕೇಬಲ್ಲಿನ ಜೊತೆಗೆ ಬಂತು. ನನಗಾಗ ಹನ್ನೊಂದು. ಅಪ್ಪ, ದೊಡ್ಡಪ್ಪ ಕೂಡಿ ಶೇಂಗಾ ಎಣ್ಣೆಯ ಮಿಲ್ಲು ನಡೆಸುತ್ತಿದ್ದರು. ಮಿಲ್ಲಿಗೆ ಅಂಟಿಕೊಂಡೇ ಎಲ್ಲರೂ ಇರುವ ಮನೆ. ಭಾನುವಾರ ಊಟವಾದ ಮೇಲೆ ನಾನು, ನನಗಿಂತ ಒಂದು ವರ್ಷಕ್ಕೆ ದೊಡ್ಡವನಾದ ದೊಡ್ಡಪ್ಪನ ಮಗ ಮತ್ತು ಅಜ್ಜಿ ಟಿವಿ ಮುಂದೆ ಹಾಜರು. ಸಾದಾ ಕುಸ್ತಿ ನಮಗೆ ರುಚಿಸುತ್ತಿರಲಿಲ್ಲ, ಷರತ್ತಿನ ಕುಸ್ತಿಯೇ ಬೇಕು. ಕಬ್ಬಿಣದ ಪಂಜರದೊಳಗೆ ಬೀಗ ಹಾಕಿ ಬಿಡುವುದು, ಏಣಿ ಹತ್ತಿ ಮೇಲೆ ತೂಗುಬಿಟ್ಟ ಚಾಂಪಿಯನ್ ಬೆಲ್ಟು ಕಿತ್ತುಕೊಳ್ಳುವುದು, ಹೀಗೆ. ಸೋತವನನ್ನು ಶವದ ಪೆಟ್ಟಿಗೆಗೆ ತಳ್ಳಿ ಮುಚ್ಚಳ ಹಾಕುವ ಕುಸ್ತಿಯೂ ಇತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ. ಅಷ್ಟು ದೊಡ್ಡ ಆಳು ಆ ಪೆಟ್ಟಿಗೆಯಲ್ಲಿ ಹೇಗೆ ಕೂರುತ್ತಾನೆ ಎಂಬುದೊಂದೇ ಅಜ್ಜಿಯ ಚಿಂತೆ; ಅವನಿನ್ನೂ ಬದುಕಿದ್ದಾನೆ ಎಂಬುದು ಆಮೇಲಿನ ಮಾತು.

ಅಪ್ಪ ಹಾದುಹೋಗುವಾಗಲೆಲ್ಲ ಈ ಸುಳ್ಳು ಕುಸ್ತಿ ನೋಡಿ ಕಣ್ಣು ಯಾಕೆ ಕೆಡಿಸಿಕೊಳ್ಳುತ್ತೀರಿ ಎನ್ನುತ್ತಿದ್ದರು. ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಭಾನುವಾರ ಸೋತವನ ತಲೆ ಬೋಳಿಸುವ ಕುಸ್ತಿ ಬಂತು. ಬೆನ್ನಿನವರೆಗೆ ಹೊಂಬಣ್ಣದ ಕೂದಲು ಬಿಟ್ಟಿದ್ದವನೊಬ್ಬ ಸೋತ. ಅಲ್ಲಿಯೇ ಕುರ್ಚಿಯಲ್ಲಿ ಕೂರಿಸಿ ಮಷಿನ್ ಹಾಕಿದರು. ಯಾವ ದೇವರ ಹರಕೆಯೋ ಎಂದು ಅಜ್ಜಿ ಕೈಮುಗಿಯಲು ಹೋದಳು. ಹರಕೆಯಲ್ಲ, ಸೋತಿದ್ದಕ್ಕೆ ಎಂದು ತಿಳಿದ ಮೇಲೆ ಇನ್ನೂ ಮೆಚ್ಚಿಕೊಂಡಳು. ಕೊಟ್ಟ ಮಾತಿಗೆ ತಲೆ ಕೊಟ್ಟು ಕೂತಿದ್ದಾನಲ್ಲ, ಮನುಷ್ಯ ಅಂದರೆ ಹೀಗಿರಬೇಕು ಎಂದಳು. ಹೊಡೆತವೆಲ್ಲ ಸುಳ್ಳೇ ಇರಲಿ, ಆ ಕೂದಲು ಮಾತ್ರ ನಿಜವಾಗಿ ಉದುರಿತು. ಇದನ್ನು ಯಾವ ಗಣಿತದ ಮೇಷ್ಟ್ರೂ ಅಲ್ಲಗಳೆಯಲಾರರು.

ಮರುದಿನವೇ ಮಿಲ್ಲಿನ ಹಿಂದೆ ಶೇಂಗಾ ಹೊಟ್ಟಿನ ಚೀಲಗಳನ್ನು ಹಾಸಿ ನಾನೂ ದೊಡ್ಡಪ್ಪನ ಮಗನೂ ಕುಸ್ತಿಗಿಳಿದೆವು. ಸೋತವರ ತಲೆ ಬೋಳು, ಅದೇ ಷರತ್ತು. ಕೆಳಗೆ ಬಿದ್ದವರು ಮೂರು ಎಣಿಸುವುದರೊಳಗೆ ಏಳಬೇಕು; ಎಣಿಸಲು ಅಜ್ಜಿಯನ್ನು ಕರೆತಂದು ಕೂರಿಸಿದೆವು, ಷರತ್ತು ಮಾತ್ರ ಹೇಳಲಿಲ್ಲ. ಅಜ್ಜಿ ನನ್ನ ಪಕ್ಷ. ಒಂದು, ಎರಡು ಆದಮೇಲೆ ಸೆರಗು ಸರಿಮಾಡಿಕೊಂಡು, ಕೆಮ್ಮಿ, ಮೂರು ಎಂದಳು. ಆದರೂ ಸೋತೆ.

ಅಜ್ಜಿ ಒಳಗೆ ಹೋದ ಮೇಲೆ ನಾನು ಜಡೆ ಮುಂದಕ್ಕೆ ಹಾಕಿಕೊಂಡು ನಿಂತೆ. ಅವನು ನಕ್ಕ.

"ನೀನು ಹೆಣ್ಣುಡುಗಿ, ಬಿಡು. ನಿಂದು ಲೆಕ್ಕಕ್ಕಿಲ್ಲ" ಎಂದ.

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ನನಗೆ ಮೈಯೆಲ್ಲ ಉರಿಯಿತು. ಅವನು ಸೋತಿದ್ದರೆ ಸಂಜೆಯೊಳಗೆ ಬೋಳಾಗುತ್ತಿದ್ದ, ಮನೆಯವರು ನಕ್ಕು ಮರೆಯುತ್ತಿದ್ದರು. ನಾನು ಸೋತರೆ ಅದು ಸೋಲೂ ಅಲ್ಲವಂತೆ.

ಕ್ಷೌರದಂಗಡಿಗೆ ಹೋದೆ. ಅಪ್ಪನನ್ನು ಕರೆದುಕೊಂಡು ಬಾ ಎಂದು ವಾಪಸ್ಸು ಕಳಿಸಿದರು. ಹಿಂದಿನ ಓಣಿಯಲ್ಲಿ ಕುರಿಯ ಉಣ್ಣೆ ಕತ್ತರಿಸುವವರ ಮನೆಯಿತ್ತು. ಅವರ ದೊಡ್ಡ ಕತ್ತರಿ ಕೇಳಿದೆ. ಯಾಕೆಂದು ಕೇಳದೆ ಕೊಟ್ಟರು. ಬಚ್ಚಲಮನೆಯಲ್ಲಿ ಜಡೆ ಕೈಗೆ ಬಂದಾಗ ಒಂದು ಗಳಿಗೆ ಅಳು ಬಂತು, ನಿಜ. ಅತ್ತು ಉಳಿದದ್ದನ್ನೂ ಕತ್ತರಿಸಿದೆ. ಅವ್ವ ನೋಡಿ ಬಾಗಿಲಲ್ಲೇ ಕುಸಿದಳು. ಇಲಿ ಕಡಿದಂತಿದ್ದ ತಲೆಯನ್ನು ಸರಿಮಾಡಲು ಅದೇ ಕ್ಷೌರಿಕರನ್ನು ಮನೆಗೆ ಕರೆಸಬೇಕಾಯಿತು. ಆಗಲೇ ಮಾಡಿದ್ದರೆ ನೀಟಾಗಿ ಆಗುತ್ತಿತ್ತು ಎಂದು ಅವರು ಗೊಣಗಿಕೊಂಡು ನುಣ್ಣಗೆ ಬೋಳಿಸಿದರು.

ಇಷ್ಟೇ ಆಗಿದ್ದರೆ ನಾಲ್ಕು ಏಟಿನಲ್ಲಿ ಮುಗಿಯುತ್ತಿತ್ತು. ಆದರೆ ಆ ಗುರುವಾರ ನನ್ನ ಅಕ್ಕನನ್ನು ನೋಡಲು ಮೊಳಕಾಲ್ಮುರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ರೇಷ್ಮೆ ಸೀರೆಯ ವ್ಯಾಪಾರದ ದೊಡ್ಡ ಮನೆ. ಅಕ್ಕನಿಗೂ ಆ ಸಂಬಂಧ ಇಷ್ಟವಿತ್ತು. ತಂಗಿಯ ತಲೆ ಯಾಕೆ ಹೀಗೆ ಎಂದು ಅವರು ಕೇಳಿದರೆ ಏನು ಹೇಳುವುದೆಂದು ಮನೆಯಲ್ಲಿ ಸಭೆ ನಡೆಯಿತು. ಹರಕೆ ಎನ್ನೋಣ ಎಂದರು ಅಪ್ಪ. ದೇವರ ಹೆಸರಲ್ಲಿ ಸುಳ್ಳೇ ಎಂದು ಅಜ್ಜಿ ಕೆನ್ನೆ ಬಡಿದುಕೊಂಡಳು. ಆಮೇಲೆ ತಾನೇ, ಹಾಗಾದರೆ ಜಟಿಂಗ ರಾಮೇಶ್ವರನ ಹೆಸರು ಹೇಳಿ, ಬೆಟ್ಟದ ಮೇಲಿರುವವನಿಗೆ ಕೇಳಿಸುವುದಿಲ್ಲ ಎಂದಳು. ಅದು ಅವರೂರಿಗೆ ಹತ್ತಿರ, ವಿಚಾರಿಸಿಬಿಡುತ್ತಾರೆ ಎಂದರು ದೊಡ್ಡಪ್ಪ. ಕೊನೆಗೆ ಗೌರಸಮುದ್ರದ ಮಾರಮ್ಮನ ಹೆಸರು ಗಟ್ಟಿಯಾಯಿತು.

ಅಪ್ಪ ನನ್ನನ್ನು ಎದುರು ನಿಲ್ಲಿಸಿಕೊಂಡು, "ಮಾರಮ್ಮಂಗೆ ಹರಕೆ ಇತ್ತು ಅಂತ ಹೇಳು. ಅಷ್ಟೇ ನಿನ್ ಕೆಲಸ" ಎಂದರು. ಭಾನುವಾರ ಭಾನುವಾರ ಸುಳ್ಳು ಕುಸ್ತಿ ಎಂದು ಮೂಗು ಮುರಿಯುತ್ತಿದ್ದ ಅದೇ ಅಪ್ಪ. ನಾನು ಹೂಂ ಎನ್ನಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಗುರುವಾರ ಅವರು ಬಂದರು. ನನ್ನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಗಂಡಿನ ಅಜ್ಜಿ ಕೈತೊಳೆಯಲು ಒಳಗೆ ಬಂದವರು ನನ್ನನ್ನು ನೋಡಿ, ಕೈಹಿಡಿದು ಪಡಸಾಲೆಗೇ ಕರೆತಂದರು. ಆ ಕಡೆಯವರ ಮಾತಿನಲ್ಲಿ ತೆಲುಗು ತಾನಾಗಿ ಸೇರಿಕೊಳ್ಳುತ್ತದೆ.

"ಏಂ ಪಿಲ್ಲಾ, ಯಾವ ದೇವ್ರಿಗೆ ಕೊಟ್ಟೆ ಮುಡಿ?"

ಅಪ್ಪ ನನ್ನನ್ನೇ ನೋಡುತ್ತಿದ್ದರು. ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಅಕ್ಕ ಕೂಡ. ಅವಳ ಮುಖ ನೋಡಿ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆಗ ನಿಜಕ್ಕೂ ನನ್ನ ಸೋಲು ಲೆಕ್ಕಕ್ಕಿಲ್ಲದ ಹಾಗೆ ಆಗುತ್ತಿತ್ತು.

"ದೇವ್ರಿಗಲ್ಲ ರೀ. ಕುಸ್ತ್ಯಾಗೆ ಸೋತೆ" ಎಂದೆ.

ಯಾರ ಜೊತೆ ಎಂದು ಕೇಳಿದರು. ಕಂಬದ ಹಿಂದಿದ್ದ ದೊಡ್ಡಪ್ಪನ ಮಗನನ್ನು ತೋರಿಸಿದೆ. ಆ ಮುದುಕಿ ಅವನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ನನ್ನ ಕೈಬಿಟ್ಟು ಹೋಗಿ ಕೂತರು. ಕಾಫಿ ಕುಡಿದು ಎಲ್ಲರೂ ಹೊರಟರು. ವಾರದ ಮೇಲೆ, ಕೂಡಿಬರಲಿಲ್ಲ ಎಂಬ ಸುದ್ದಿ ಬಂತು. ಕಾರಣ ಹೇಳಿ ಕಳಿಸಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು.

ಅಕ್ಕ ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಅವಳು ಅಳುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಅದಕ್ಕೆ ನನಗೆ ಸಂಕಟವಾಯಿತು, ಈಗಲೂ ಆಗುತ್ತದೆ, ಅವಳ ಹತ್ತಿರ ಹೋಗಿ ಹೇಳಿಯೂ ಹೇಳಿದೆ. ಆದರೆ ಆಡಿದ ಮಾತಿಗೆ ತಪ್ಪಾಯಿತು ಎನ್ನು ಎಂದು ಅವ್ವ ಎಷ್ಟು ಜುಲುಮೆ ಮಾಡಿದರೂ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಎರಡನೆಯ ಸಂಬಂಧ ಹತ್ತಿರದ ತಳಕಿನಿಂದ ಬಂತು. ನನ್ನ ಕೂದಲಾಗ ಬೆರಳಗಲ ಬೆಳೆದಿತ್ತು. ಅವ್ವ ಈ ಸಲ ಬುದ್ಧಿವಂತಿಕೆ ಮಾಡಿ, ಬೆಳಿಗ್ಗೆಯೇ ನನ್ನನ್ನು ಹಿತ್ತಲ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಲು ಬಂದಳು. ಸೀರೆಯುಟ್ಟು ತಯಾರಾಗಿದ್ದ ಅಕ್ಕ ಬಂದು ಅವ್ವನ ಕೈ ಹಿಡಿದಳು.

"ನಂಗೆ ಅವ್ಳ ಮೇಲೆ ಇನ್ನೂ ಸಿಟ್ಟೈತೆ" ಎಂದಳು. "ಆದ್ರೆ ಒಬ್ಬಳ್ನ ಒಳಗಿಟ್ಟು ಚಿಲಕ ಹಾಕಿ ಇನ್ನೊಬ್ಬಳ್ನ ತೋರ್ಸೋದಾದ್ರೆ ನಾನೂ ಬರಲ್ಲ. ಅವ್ಳು ನನ್ ಪಕ್ಕ ಕೂತ್ಕಂತಾಳೆ."

ಬಂದವರ ಎದುರು ಚಾಪೆಯ ಮೇಲೆ, ಅಕ್ಕನ ಪಕ್ಕದಲ್ಲಿ, ಬರಿ ತಲೆಯಲ್ಲಿ ಕೂತೆ. ಕೇಳಿದರೆ ಏನು ಹೇಳಬೇಕೆಂದು ಅವತ್ತು ಯಾರೂ ನನಗೆ ಹೇಳಿಕೊಡಲಿಲ್ಲ.